ಅಕ್ಟೋಬರ್ 10ರ ಪುಟ: ಬ್ರಹ್ಮಾವರದ ಓದುಗರಿಗೆ ಉತ್ತರ

ಮಾನ್ಯರೇ,

ಆಯಾ ತಾರೀಖಿಗೆ ಹಿಂದೆ ನಡೆದ ಸಂಗತಿಗಳನ್ನು ಹೇಳುವ ನಮ್ಮ ‘ಈ ದಿನ’ ಪುಟದ ಬಗ್ಗೆ ತಾವು ಬರೆದ ಆರು ಹಾಳೆಗಳ ಪತ್ರ ತಲುಪಿದೆ. ನಿವೃತ್ತ ಅಧ್ಯಾಪಕರಾದ ತಾವು ಅಷ್ಟು ಶ್ರದ್ಧೆಯಿಂದ ಎತ್ತಿದ ಪ್ರಶ್ನೆಗಳಿಗೆ ಎರಡು ಸಾಲಿನ ಉತ್ತರ ಸಲ್ಲದು. ಉಳಿದ ಓದುಗರಿಗಾಗಿ ಪತ್ರದ ತಿರುಳನ್ನು ಮೊದಲು ಹೇಳುತ್ತೇನೆ. ಅಕ್ಟೋಬರ್ 10ರ ಪುಟದಲ್ಲಿ ನಾವು ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರನ್ನೂ (1902) ಮದರಾಸಿನಲ್ಲಿ ಹುಟ್ಟಿದ ಆರ್. ಕೆ. ನಾರಾಯಣ್ ಅವರನ್ನೂ (1906) ಅಕ್ಕಪಕ್ಕದಲ್ಲಿ ಇಟ್ಟಿದ್ದೆವು. ಇಬ್ಬರು ಕಾದಂಬರಿಕಾರರು ಒಂದೇ ತಾರೀಖಿಗೆ ಹುಟ್ಟಬೇಕಾದರೆ ಆ ದಿನಕ್ಕೇ ಏನೋ ಗುಣವಿದೆ ಎಂದು ತಮ್ಮ ಪರಿಚಿತರೊಬ್ಬರು ವಾದಿಸಿದ್ದಾರೆ. ಕಾರಂತರ ಪಕ್ಕದಲ್ಲಿ ಚೀನಾ, ಫಿಜಿ, ಟೋಕಿಯೋ ಏಕೆ ಬಂದವು ಎಂದು ತಾವು ಕೇಳಿದ್ದೀರಿ. ಇಟಲಿಯ ಸಂಗೀತಗಾರ ವೆರ್ದಿಯ ಜನ್ಮದಿನ ತಪ್ಪಾಗಿದೆ ಎಂದಿದ್ದೀರಿ. ಕೊನೆಯದಾಗಿ, ನೇತ್ರಾವತಿಗೆ ಮಹಾನೆರೆ ಬಂದ 1923ರ ಆಟಿ ತಿಂಗಳಲ್ಲಿ (ತುಳುವರ ಲೆಕ್ಕದ ಜುಲೈ-ಆಗಸ್ಟ್) ಹುಟ್ಟಿದ ತಮ್ಮ ತಾಯಿಗೆ ತಾರೀಖೆಂಬುದೇ ಇರಲಿಲ್ಲವೆಂದೂ, ತಾರೀಖು ನೋಡಿ ಬದುಕದ ನಮ್ಮ ಊರಿನವರಿಗೆ ಇಂಥ ಪುಟ ಯಾಕೆಂದೂ ಬರೆದಿದ್ದೀರಿ.

ನಮ್ಮ ತಪ್ಪಿನಿಂದಲೇ ಆರಂಭಿಸುತ್ತೇನೆ. ವೆರ್ದಿ 1813ರ ಅಕ್ಟೋಬರ್ 10ರಂದು ಹುಟ್ಟಿದರೆಂದು ನಾವು ಖಚಿತವಾಗಿ ಅಚ್ಚು ಹಾಕಿದ್ದು ಸರಿಯಲ್ಲ. ಚರ್ಚಿನ ಜ್ಞಾನಸ್ನಾನದ ದಾಖಲೆ ಅಕ್ಟೋಬರ್ 11ರದು; ಅದರಲ್ಲಿ ಮಗು ‘ನಿನ್ನೆ ಹುಟ್ಟಿತು’ ಎಂದಿದೆ. ಆದರೆ ಆ ಕಾಲದಲ್ಲಿ ಅಲ್ಲಿ ಸೂರ್ಯಾಸ್ತದಿಂದ ಸೂರ್ಯಾಸ್ತಕ್ಕೆ ದಿನ ಎಣಿಸುವ ರೂಢಿಯೂ ಇದ್ದುದರಿಂದ ಆ ‘ನಿನ್ನೆ’ 9 ಆಗಿರಬಹುದು, 10 ಆಗಿರಬಹುದು. ತಾಯಿ ಹೇಳಿದ ಮಾತನ್ನು ನಂಬಿ ವೆರ್ದಿ ಜೀವಮಾನವಿಡೀ 9ರಂದೇ ಹುಟ್ಟುಹಬ್ಬ ಆಚರಿಸಿಕೊಂಡರು. ಎರಡೂ ದಿನಗಳನ್ನು ಕೊಟ್ಟು ಕಾರಣ ಹೇಳಬೇಕಿತ್ತು. ಈ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದ್ದೇವೆ.

ಇನ್ನು ತಮ್ಮ ಪರಿಚಿತರ ವಾದ. ತಾವು ತರಗತಿಯ ಹಾಜರಿ ಪುಸ್ತಕ ಹಿಡಿದವರಾದ್ದರಿಂದ ಅಲ್ಲಿಂದಲೇ ಉತ್ತರ ಹುಡುಕೋಣ. 40 ಮಕ್ಕಳ ತರಗತಿಯಲ್ಲಿ ಯಾವುದಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ನೂರಕ್ಕೆ 89ರಷ್ಟಿದೆ. 23 ಮಕ್ಕಳಿದ್ದರೂ ಸಾಕು, ಸಂಭವ ಅರ್ಧವನ್ನು ದಾಟುತ್ತದೆ. ವರ್ಷಕ್ಕೆ 365 ದಿನಗಳಿರುವಾಗ ಇದು ಹೇಗೆಂದು ಯಾರಿಗೂ ಅನಿಸುತ್ತದೆ. ಆದರೆ ಇಲ್ಲಿ ಎಣಿಸಬೇಕಾದದ್ದು ಮಕ್ಕಳನ್ನಲ್ಲ, ಜೋಡಿಗಳನ್ನು. 23 ಮಕ್ಕಳಿಂದ 253 ಜೋಡಿಗಳಾಗುತ್ತವೆ, ಪ್ರತಿ ಜೋಡಿಗೂ ತಾರೀಖು ಕೂಡಿಬರುವ ಒಂದೊಂದು ಅವಕಾಶವಿರುತ್ತದೆ. ಕರ್ನಾಟಕದಲ್ಲಿ ಬಾಳಿದ ಇಪ್ಪತ್ತನೆಯ ಶತಮಾನದ ದೊಡ್ಡ ಲೇಖಕರನ್ನು ಪಟ್ಟಿ ಮಾಡಿದರೆ ಮೂವತ್ತಕ್ಕೆ ನಿಲ್ಲುವುದಿಲ್ಲ. ಅವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬಾರದೆ ಹೋಗಿದ್ದರೆ ಅದೇ ಹೆಚ್ಚಿನ ಆಶ್ಚರ್ಯ. ನಾರಾಯಣ್ ಮೈಸೂರಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಕಥೆ ಹೇಳಿದವರು. ಕಾರಂತರು ಪುತ್ತೂರಿನಲ್ಲಿ ಮಕ್ಕಳಿಗಾಗಿ ಬಾಲವನ ಕಟ್ಟಿ, ಯಕ್ಷಗಾನದ ಹೆಜ್ಜೆಗಳನ್ನು ಹುಡುಕಿಕೊಂಡು ಊರೂರು ಸುತ್ತಿ, ಒಬ್ಬರೇ ಕುಳಿತು ವಿಜ್ಞಾನದ ಸಂಪುಟಗಳನ್ನು ಬರೆದು, ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದವರು. ಈ ಬದುಕನ್ನು ತಾರೀಖಿನ ಲೆಕ್ಕಕ್ಕೆ ಬರೆದರೆ ಅವರು ಪಟ್ಟ ಶ್ರಮವನ್ನು ಅವರಿಂದ ಕಸಿದುಕೊಂಡಂತಾಗುತ್ತದೆ. ತಮ್ಮ ಪರಿಚಿತರ ಮಾತಿಗೆ ನನ್ನ ಮುಖ್ಯ ತಕರಾರು ಗಣಿತದ್ದಲ್ಲ, ಇದೇ.

ಹಾಗೆಂದು ತಾರೀಖುಗಳ ಹೊಂದಿಕೆಯೆಲ್ಲ ಆಕಸ್ಮಿಕವಲ್ಲ, ಮತ್ತು ಫಿಜಿಯನ್ನು ಆ ಪುಟದಲ್ಲಿ ಹಾಕಿದ್ದು ಜಾಗ ತುಂಬಿಸಲು ಅಲ್ಲ. ಫಿಜಿಯ ಮುಖಂಡರು ತಮ್ಮ ದ್ವೀಪಗಳನ್ನು ಬ್ರಿಟಿಷ್ ರಾಣಿಗೆ ಒಪ್ಪಿಸಿ ರುಜು ಹಾಕಿದ್ದು 1874ರ ಅಕ್ಟೋಬರ್ 10ರಂದು. 96 ವರ್ಷಗಳ ನಂತರ, 1970ರಲ್ಲಿ, ಅದೇ ಅಕ್ಟೋಬರ್ 10ರಂದು ಆ ದೇಶ ಸ್ವತಂತ್ರವಾಯಿತು. ಕಳೆದುಕೊಂಡ ದಿನವೇ ಮರಳಿ ಪಡೆದ ದಿನವಾಯಿತು. ಆ ಎರಡು ತಾರೀಖುಗಳ ನಡುವೆ, 1879ರಿಂದ 1916ರವರೆಗೆ, ಅರುವತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಕರಾರಿನ ಕೂಲಿಗಳಾಗಿ ಅಲ್ಲಿನ ಕಬ್ಬಿನ ತೋಟಗಳಿಗೆ ಹೋದರು. 1903ರಿಂದ ಮದರಾಸು ಬಂದರಿನಿಂದಲೂ ಹಡಗುಗಳು ಹೊರಟವು. ನಮ್ಮ ದಕ್ಷಿಣ ಕನ್ನಡವೂ ಆಗ ಮದರಾಸು ಪ್ರಾಂತ್ಯದ ಒಂದು ಜಿಲ್ಲೆ. ಫಿಜಿ ನಮಗೆ ಅಷ್ಟೇನೂ ದೂರದ ವಿಷಯವಲ್ಲ.

ಚೀನಾದ್ದು ಬೇರೆಯೇ ಬಗೆ. ಅಲ್ಲಿ ತಾರೀಖನ್ನು ಯಾರೂ ಆರಿಸಿಕೊಳ್ಳಲಿಲ್ಲ. 1911ರ ಅಕ್ಟೋಬರ್ 9ರಂದು ಹ್ಯಾಂಕೌ ನಗರದಲ್ಲಿ ಕ್ರಾಂತಿಕಾರರು ಬಾಂಬು ತಯಾರಿಸುತ್ತಿದ್ದಾಗ ಅದು ಕೈತಪ್ಪಿ ಸಿಡಿಯಿತು, ಪೊಲೀಸರಿಗೆ ಸದಸ್ಯರ ಹೆಸರುಗಳ ಪಟ್ಟಿ ಸಿಕ್ಕಿತು. ಇನ್ನು ಸುಮ್ಮನಿದ್ದರೆ ತಲೆ ಉಳಿಯುವುದಿಲ್ಲವೆಂದು ತಿಳಿದ ಸೈನಿಕರು ಮರುದಿನ ಸಂಜೆ ವುಚಾಂಗಿನಲ್ಲಿ ದಂಗೆಯೆದ್ದರು. ನಾಲ್ಕು ತಿಂಗಳು ಕಳೆದು, 1912ರ ಫೆಬ್ರವರಿ 12ರಂದು, ಬಾಲ ಚಕ್ರವರ್ತಿ ಪೂ ಯಿ ಸಿಂಹಾಸನ ತ್ಯಜಿಸಿದ. ಆಗ ಹುಟ್ಟಿದ ಗಣರಾಜ್ಯದ ಹೆಸರನ್ನು ಉಳಿಸಿಕೊಂಡಿರುವ ತೈವಾನಿನಲ್ಲಿ ಇಂದಿಗೂ ಅಕ್ಟೋಬರ್ 10 ರಾಷ್ಟ್ರೀಯ ದಿನ.

ಟೋಕಿಯೋ ಒಲಿಂಪಿಕ್ಸ್ 1964ರ ಅಕ್ಟೋಬರ್ 10ರಂದು ಉದ್ಘಾಟನೆಯಾಯಿತು ಎಂಬ ಒಂದೇ ಸಾಲನ್ನು ನಾವು ಕೊಟ್ಟಿದ್ದೆವು, ಅದು ಸಾಲದು ಎಂದು ಈಗ ನನಗೂ ಅನಿಸುತ್ತಿದೆ. ಅಂದು ಜ್ಯೋತಿ ಹಿಡಿದು ಮೆಟ್ಟಿಲೇರಿದ ಯೋಶಿನೋರಿ ಸಕಾಯ್ ಹುಟ್ಟಿದ್ದು 1945ರ ಆಗಸ್ಟ್ 6ರಂದು, ಹಿರೋಶಿಮಾ ಪ್ರಾಂತ್ಯದಲ್ಲಿ. ಅಣುಬಾಂಬು ಬಿದ್ದ ದಿನವೇ ಹುಟ್ಟಿದ ಹತ್ತೊಂಬತ್ತರ ಹುಡುಗನನ್ನು ಜಪಾನ್ ಬೇಕೆಂದೇ ಆರಿಸಿತ್ತು. ಆತನ ಜನ್ಮದಿನವನ್ನು ಬಿಟ್ಟುಬಿಟ್ಟರೆ ಆ ಜ್ಯೋತಿಗೆ ಏನು ಅರ್ಥವಿತ್ತೆಂಬುದೇ ನಮಗೆ ತಿಳಿಯುವುದಿಲ್ಲ. ಅದೇ ದಿನ ಮುಂಬಯಿಯಲ್ಲಿ ಚಿತ್ರ ನಿರ್ದೇಶಕ ಗುರುದತ್ ತಮ್ಮ 39ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಹುಟ್ಟಿದ ಅವರ ಮನೆತನದ ಹೆಸರು ಪಡುಕೋಣೆ. ನಮ್ಮ ಉಡುಪಿ ಜಿಲ್ಲೆಯ ಊರಿನ ಹೆಸರು. ಪುಟ ಕಟ್ಟುವಾಗ ಇದು ನಮ್ಮ ಗಮನಕ್ಕೆ ಬಾರದೆ ಹೋಯಿತಲ್ಲ ಎಂಬ ನೋವು ನನಗಿದೆ. ಹೊರಗಿನದೆಲ್ಲ ಸಿಕ್ಕಿತು, ಮನೆಯದು ತಪ್ಪಿಹೋಯಿತು.

ತಾರೀಖು ನೋಡಿ ಬದುಕದವರ ಬಗ್ಗೆ ತಾವು ಬರೆದದ್ದನ್ನು ನಾನು ಎರಡೆರಡು ಸಲ ಓದಿದೆ. ತಾರೀಖು ಮನುಷ್ಯರು ಮಾಡಿಕೊಂಡ ಒಪ್ಪಂದ ಎಂಬುದಕ್ಕೆ ಅಕ್ಟೋಬರ್ 10ರಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗಲಾರದು. 1582ರಲ್ಲಿ ಇಟಲಿ, ಸ್ಪೇನ್, ಪೋರ್ಚುಗಲ್‌ಗಳಲ್ಲಿ ಈ ದಿನ ಬರಲೇ ಇಲ್ಲ. ಹಳೆಯ ಪಂಚಾಂಗದಲ್ಲಿ ಸೇರುತ್ತಾ ಬಂದಿದ್ದ ತಪ್ಪನ್ನು ಸರಿಪಡಿಸಲು ಪೋಪ್ ಗ್ರೆಗರಿಯ ಆಜ್ಞೆಯಂತೆ ಹತ್ತು ದಿನಗಳನ್ನು ಕೈಬಿಟ್ಟರು. ಅಕ್ಟೋಬರ್ 4ರ ಗುರುವಾರ ರಾತ್ರಿ ಮಲಗಿದವರು ಅಕ್ಟೋಬರ್ 15ರ ಶುಕ್ರವಾರ ಎದ್ದರು. ಆಗ ಮಂಗಳೂರಿನಲ್ಲಿ ಪೋರ್ಚುಗೀಸರ ಕೋಟೆಯಿತ್ತು. ಕೋಟೆಯ ಹೊರಗಿನ ಗದ್ದೆಯವನಿಗೆ ಅದು ಎಂದಿನಂಥದೇ ತಿಂಗಳು, ಒಂದು ದಿನವೂ ಕಳೆದುಹೋಗಿರಲಿಲ್ಲ.

ತಿಥಿಯನ್ನೇ ಹಿಡಿಯೋಣವೇ ಎಂದು ಕೇಳಿದ್ದೀರಿ. ಉಡುಪಿಯಲ್ಲಿ ಒಂದೇ ರಥಬೀದಿಯಲ್ಲಿ ಎರಡು ಮೂರು ಲೆಕ್ಕಗಳು ಒಟ್ಟಿಗೆ ನಡೆಯುತ್ತವೆ: ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ, ಕೃಷ್ಣಾಷ್ಟಮಿ ಸೌರಮಾನದ ಸಿಂಹ ಮಾಸವನ್ನು ನೋಡಿಕೊಂಡು, ಹಾಗಾಗಿ ಕೆಲವು ವರ್ಷ ಉಳಿದ ಊರುಗಳಿಗಿಂತ ಒಂದು ತಿಂಗಳು ತಡವಾಗಿ. ನಾವು ತಿಥಿಯನ್ನು ಹಿಡಿದರೆ ಫಿಜಿಯ ಎರಡು ದಿನಗಳ ಹೊಂದಿಕೆ ಕಾಣದೆ ಹೋಗುತ್ತದೆ. ತಾರೀಖನ್ನೇ ಹಿಡಿದರೆ ನಮ್ಮ ಹಿರಿಯರ ಎಷ್ಟೋ ಜನ್ಮದಿನಗಳು ಜಾರಿಹೋಗುತ್ತವೆ, ಯಾಕೆಂದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅನುಕೂಲಕ್ಕೆಂದು ಬರೆದುಕೊಂಡ ಜೂನ್ 1ನ್ನೇ ಅವರಲ್ಲಿ ಬಹಳ ಮಂದಿ ಕೊನೆಯವರೆಗೆ ಹೊತ್ತು ನಡೆದರು. ತಿಥಿ ಮತ್ತು ತಾರೀಖು ಪೂರ್ತಿ ಬೇರೆಯಾಗಿಯೂ ಉಳಿಯುವುದಿಲ್ಲ. 235 ಚಾಂದ್ರಮಾಸಗಳೂ 19 ಸೌರವರ್ಷಗಳೂ ಹೆಚ್ಚುಕಡಿಮೆ ಸರಿಸಮವಾದ್ದರಿಂದ, ಮನುಷ್ಯನ 19, 38, 57, 76ನೆಯ ವಯಸ್ಸಿನಲ್ಲಿ ಅವನ ಎರಡೂ ಹುಟ್ಟುಹಬ್ಬಗಳು ಒಂದೇ ದಿನ, ಅಥವಾ ಒಂದು ದಿನದ ಹಿಂದುಮುಂದಾಗಿ, ಬರುತ್ತವೆ. ತಮ್ಮ ಮನೆಯ ಹಳೆಯ ಪಂಚಾಂಗಗಳನ್ನು ಇಟ್ಟುಕೊಂಡಿದ್ದರೆ ನೋಡಬಹುದು.

ಪುಟವನ್ನು ನಿಲ್ಲಿಸುವ ವಿಚಾರ ನನಗಿಲ್ಲ, ಆದರೆ ತಮ್ಮ ಪತ್ರದಿಂದಾಗಿ ಅದರ ರೂಪ ಬದಲಾಗಲಿದೆ. ಒಂದು ತಾರೀಖಿಗೆ ಹನ್ನೆರಡು ಹದಿಮೂರು ಸಾಲುಗಳನ್ನು ಪೋಣಿಸುವ ಬದಲು ಮೂರೋ ನಾಲ್ಕೋ ಸಂಗತಿಗಳನ್ನು ಆರಿಸಿ, ಆ ದಿನವೇ ಯಾಕೆ ಆಯಿತೆಂಬುದನ್ನೂ ಹೇಳಲಿದ್ದೇವೆ. ದಿನಾಂಕದ ಬಗ್ಗೆ ಭಿನ್ನಾಭಿಪ್ರಾಯವಿದ್ದರೆ ಅದನ್ನೂ ಬರೆಯಲಿದ್ದೇವೆ. ಮತ್ತು ಪ್ರತಿ ಪುಟದಲ್ಲಿ ತಾರೀಖು ತಿಳಿಯದ ಒಂದು ನೆನಪಿಗೆ ಜಾಗವಿರುತ್ತದೆ. ಮೊದಲನೆಯದು ತಮ್ಮ ತಾಯಿಯವರದಾಗಲಿ ಎಂಬುದು ನನ್ನ ಆಸೆ. ನೀರು ಅಂಗಳದ ತುಳಸಿಕಟ್ಟೆಯವರೆಗೆ ಬಂದಾಗ ಬಸುರಿ ಅಜ್ಜಿಯನ್ನು ದೋಣಿಯಲ್ಲಿ ಗುಡ್ಡದ ಮನೆಗೆ ಸಾಗಿಸಿದರೆಂದು ತಾವು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗಿದ್ದೀರಿ. ದೋಣಿ ಯಾರದು, ಆ ಮನೆಯವರು ಯಾರು, ನೀರು ಎಷ್ಟು ದಿನ ನಿಂತಿತ್ತು, ತಾಯಿಯವರು ತಮ್ಮ ವಯಸ್ಸನ್ನು ಹೇಗೆ ಲೆಕ್ಕ ಹಾಕುತ್ತಿದ್ದರು ಎಂಬುದನ್ನೆಲ್ಲ ವಿವರವಾಗಿ ಬರೆದು ಕಳುಹಿಸಬೇಕೆಂದು ಕೋರುತ್ತೇನೆ. ಬರುವ ಆಟಿಯ ಸಂಚಿಕೆಗೆ ಜೂನ್ ಕೊನೆಯೊಳಗೆ ನಮಗೆ ತಲುಪಿದರೆ ಸಾಕು.

ತಮ್ಮ ವಿಶ್ವಾಸಿ,
ಸಂಪಾದಕ