ದೀಪ ಆರಿದ ಮಾತ್ರಕ್ಕೆ ವಾಲ್ವ್ ಮುಚ್ಚಿತೇ?

ಪ್ರಶ್ನೆ: 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುವಿದ್ಯುತ್ ಸ್ಥಾವರದಲ್ಲಿ ನಡೆದ ಅವಘಡಕ್ಕೆ ಆಪರೇಟರುಗಳ ಅಜಾಗರೂಕತೆಯೇ ಕಾರಣವಲ್ಲವೇ? ತರಬೇತಿ ಚೆನ್ನಾಗಿದ್ದರೆ ಕಂಟ್ರೋಲ್ ರೂಮಿನ ವಿನ್ಯಾಸಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ?

ಈ ಪ್ರಶ್ನೆ ಬಾರದ ತಿಂಗಳಿಲ್ಲ. 'ಮಾನವ ದೋಷ' ಎಂದು ಬರೆದು ಕಡತ ಮುಚ್ಚುವವರೇ ಇದನ್ನು ಇನ್ನೂ ಬದುಕಿಸಿಟ್ಟಿದ್ದಾರೆ. ಆ ದಿನ ಪ್ಯಾನೆಲ್ ಏನು ತೋರಿಸುತ್ತಿತ್ತು ಎಂದು ಮೊದಲು ನೋಡಿ, ತೀರ್ಪು ಆಮೇಲೆ ಕೊಡಿ.

ಮಾರ್ಚ್ 28ರ ಬೆಳಗಿನ ಜಾವ 4 ಗಂಟೆ, ಪೆನ್ಸಿಲ್ವೇನಿಯಾದ ಆ ಸ್ಥಾವರದ 2ನೇ ಘಟಕ. ರಿಯಾಕ್ಟರಿನ ಶಾಖದಿಂದ ಆವಿ ಮಾಡುವ ಸ್ಟೀಮ್ ಜನರೇಟರಿಗೆ ನೀರೂಡಿಸುವ ಪಂಪುಗಳು ನಿಂತವು. ಶಾಖ ಹೊರಹೋಗದೆ ರಿಯಾಕ್ಟರಿನ ನೀರಿನ ಒತ್ತಡ ಏರಿತು. ಆ ಒತ್ತಡವನ್ನು ಹದದಲ್ಲಿಡುವ ಪ್ರೆಶರೈಸರ್ ಎಂಬ ತೊಟ್ಟಿಯ ನೆತ್ತಿಯಲ್ಲಿ, ಹೆಚ್ಚಿನ ಒತ್ತಡ ಹೊರಬಿಡುವ ರಿಲೀಫ್ ವಾಲ್ವ್ ತೆರೆಯಿತು, 8ನೇ ಸೆಕೆಂಡಿಗೆ ರಿಯಾಕ್ಟರ್ ತಾನಾಗಿ ಟ್ರಿಪ್ ಆಯಿತು, ಅಂದರೆ ನಿಂತಿತು. ಒತ್ತಡ ಚದರ ಅಂಗುಲಕ್ಕೆ 2,205 ಪೌಂಡಿಗೆ ಇಳಿದಾಗ ವಾಲ್ವ್ ಮುಚ್ಚಬೇಕಿತ್ತು. ಮುಚ್ಚಲಿಲ್ಲ, ತೆರೆದಂತೆಯೇ ಕಚ್ಚಿಕೊಂಡಿತು. ಆದರೂ ಪ್ಯಾನೆಲಿನ ದೀಪ ಆರಿತು. ಆ ದೀಪದ ತಂತಿ ವಾಲ್ವಿನಿಂದ ಬಂದದ್ದಲ್ಲ, ವಾಲ್ವನ್ನು ನಡೆಸುವ ಸೊಲೆನಾಯ್ಡಿನ (ವಿದ್ಯುತ್ಕಾಂತದ) ವಿದ್ಯುತ್ತಿನಿಂದ ಬಂದದ್ದು. 'ಮುಚ್ಚು' ಎಂಬ ಆದೇಶ ಹೋಗಿದೆ ಎಂದಷ್ಟೇ ಅದು ಹೇಳಿತು. ಓದಿದವರು 'ಮುಚ್ಚಿದೆ' ಎಂದು ಓದಿಕೊಂಡರು. ನೀವಿದ್ದರೂ ಹಾಗೆಯೇ ಓದುತ್ತಿದ್ದಿರಿ.

ಎರಡನೆಯ ತಪ್ಪು ಇನ್ನೂ ಆಳದ್ದು. ರಿಯಾಕ್ಟರ್ ಪಾತ್ರೆಯೊಳಗೆ ನೀರೆಷ್ಟಿದೆ ಎಂದು ನೇರವಾಗಿ ಹೇಳುವ ಮಾಪಕವೇ ಇರಲಿಲ್ಲ. ಪ್ರೆಶರೈಸರಿನ ಮಟ್ಟ ನೋಡಿ ಊಹಿಸಬೇಕಿತ್ತು. ನೆತ್ತಿಯಲ್ಲಿ ತೂತಾದಾಗ ಒತ್ತಡ ಕುಸಿಯುತ್ತದೆ, ಕೆಳಗೆ ನೀರು ಕುದಿದು ಆವಿಯಾಗುತ್ತದೆ, ಆ ಆವಿ ನೀರನ್ನು ಪ್ರೆಶರೈಸರಿನತ್ತ ತಳ್ಳುತ್ತದೆ. ಒಟ್ಟು ನೀರು ಕಮ್ಮಿಯಾಗುತ್ತಿದ್ದರೂ ಮಾಪಕದ ಮಟ್ಟ ಏರುತ್ತದೆ. ಪ್ರೆಶರೈಸರ್ ಪೂರ್ತಿ ತುಂಬಬಾರದು ಎಂಬುದೇ ಅವರಿಗೆ ಸಿಕ್ಕಿದ್ದ ತರಬೇತಿ. ಅದನ್ನು ಪಾಲಿಸಿಯೇ ಅವರು 5 ನಿಮಿಷದೊಳಗೆ ತುರ್ತು ನೀರಿನ ಒಂದು ಪಂಪನ್ನು ನಿಲ್ಲಿಸಿ, ಇನ್ನೊಂದರ ಹರಿವು ತಗ್ಗಿಸಿದರು. ತರಬೇತಿ ಸಾಕು ಎನ್ನುವವರು ಇದಕ್ಕೆ ಉತ್ತರ ಕೊಡಲಿ.

ವಾಲ್ವಿನಿಂದ ಹೊರಬಿದ್ದ ನೀರು ಸೇರುವ ಟ್ಯಾಂಕಿನ ಮಾಪಕಗಳು ಮುಖ್ಯ ಪ್ಯಾನೆಲಿನ ಹಿಂದುಗಡೆ ಇದ್ದವು. ಮೊದಲ ಕೆಲವೇ ನಿಮಿಷಗಳಲ್ಲಿ 100ಕ್ಕೂ ಹೆಚ್ಚು ಅಲಾರಂ ಹೊಡೆದುಕೊಂಡವು, ಅವನ್ನು ಮುದ್ರಿಸುವ ಪ್ರಿಂಟರ್ ಗಂಟೆಗಟ್ಟಲೆ ಹಿಂದೆ ಬಿತ್ತು. ಕಚ್ಚಿಕೊಂಡ ವಾಲ್ವಿಗೆ ನೀರು ಬರುವ ದಾರಿಯಲ್ಲಿದ್ದ ತಡೆ ವಾಲ್ವನ್ನು ಕೊನೆಗೆ ಮುಚ್ಚಿದಾಗ 6 ಗಂಟೆ 22 ನಿಮಿಷ. ಇಂಧನದ ಅರ್ಧದಷ್ಟು ಭಾಗ ಕರಗಿಹೋಯಿತು.

ಇದು ಆ ಪಾಳಿಯವರ ದಡ್ಡತನ ಎನ್ನಲು ಇನ್ನೂ ಮನಸ್ಸಿದ್ದರೆ ಕೇಳಿ: 1977ರ ಸೆಪ್ಟೆಂಬರ್ 24ರಂದು ಒಹಾಯೋದ ಡೇವಿಸ್-ಬೆಸಿಯಲ್ಲಿ, ಅದೇ ತಯಾರಕರ ರಿಯಾಕ್ಟರಿನಲ್ಲಿ, ರಿಲೀಫ್ ವಾಲ್ವ್ ಹೀಗೆಯೇ ಕಚ್ಚಿಕೊಂಡಿತ್ತು. ಅಲ್ಲಿಯ ಆಪರೇಟರುಗಳೂ ಮಟ್ಟ ಏರಿದ್ದು ನೋಡಿ ತುರ್ತು ನೀರು ನಿಲ್ಲಿಸಿದ್ದರು. ಸ್ಥಾವರ 9% ಶಕ್ತಿಯಲ್ಲಿತ್ತು, ಸುಮಾರು 20 ನಿಮಿಷದಲ್ಲಿ ವಾಲ್ವ್ ಪತ್ತೆಯಾಯಿತು, ಹಾಗಾಗಿ ಉಳಿಯಿತು. ಬೇರೆ ಊರು, ಬೇರೆ ಜನ, ಅದೇ ತಪ್ಪು. ಹೀಗಾದಾಗ ಹುಡುಕಬೇಕಾದದ್ದು ಪ್ಯಾನೆಲಿನಲ್ಲಿ ಮತ್ತು ಕಾರ್ಯವಿಧಾನದಲ್ಲಿ.

ವಿನ್ಯಾಸ ಮಾಡುವವರು ಪ್ರತಿ ದೀಪದ ತಂತಿಯನ್ನೂ ಡ್ರಾಯಿಂಗಿನಲ್ಲಿ ಬೆರಳಿಟ್ಟು ಕೊನೆಯವರೆಗೆ ಹಿಂಬಾಲಿಸಬೇಕು. ಅದು ಆದೇಶದಲ್ಲಿ ಮುಗಿದರೆ ಅದಕ್ಕೆ 'ಸ್ಥಿತಿ' ಎಂಬ ಪಟ್ಟಿ ಅಂಟಿಸಬಾರದು. ವಾಲ್ವಿನ ಕಾಂಡಕ್ಕೆ (ವಾಲ್ವ್ ತೆರೆದು ಮುಚ್ಚುವಾಗ ಚಲಿಸುವ ದಂಡಕ್ಕೆ) ಎರಡು ಲಿಮಿಟ್ ಸ್ವಿಚ್, ಅಂದರೆ ಕಾಂಡ ತುದಿ ಮುಟ್ಟಿದ್ದನ್ನು ಹೇಳುವ ಸ್ವಿಚ್ ಬೇಕು: ಒಂದು ಪೂರ್ತಿ ತೆರೆದಾಗ, ಒಂದು ಪೂರ್ತಿ ಮುಚ್ಚಿದಾಗ. ಎರಡರಿಂದಲೂ ಸಂಕೇತ ಬರದಿದ್ದರೆ ವಾಲ್ವ್ ನಡುವೆ ಇದೆ. ಎರಡೂ ಒಟ್ಟಿಗೆ ಬಂದರೆ ಸ್ವಿಚ್ ಕೆಟ್ಟಿದೆ. ಈ ನಾಲ್ಕೂ ಪರದೆಯ ಮೇಲೆ ಬೇರೆಬೇರೆಯಾಗಿ ಕಾಣಬೇಕು. ದೀಪ ಆರಿರುವುದನ್ನು 'ಮುಚ್ಚಿದೆ'ಗೆ ಗುರುತಾಗಿ ಎಂದೂ ಬಳಸಬೇಡಿ, ಬಲ್ಬ್ ಸುಟ್ಟರೂ ಅದು ಹಾಗೆಯೇ ಕಾಣುತ್ತದೆ. ಸ್ವಿಚ್ಚನ್ನೂ ಪೂರ್ತಿ ನಂಬದೆ, ವಾಲ್ವಿನಾಚೆಯ ಕೊಳವೆಯಲ್ಲಿ ಹರಿವಿನ ಸದ್ದು ಹಿಡಿಯುವ ಸಂವೇದಕ ಇಡಿ. ಬರೀ ಉಷ್ಣಾಂಶ ಸಾಲದು: ತ್ರೀ ಮೈಲ್ ಐಲ್ಯಾಂಡಿನ ಆ ವಾಲ್ವ್ ಮೊದಲೇ ಸೋರುತ್ತಿದ್ದುದರಿಂದ ಕೊಳವೆ ಬಿಸಿಯಿರುವುದು ಅವರಿಗೆ ಮಾಮೂಲಾಗಿಬಿಟ್ಟಿತ್ತು. ಜೊತೆಗೆ, ನೀರು ಕುದಿಯಲು ಇನ್ನೆಷ್ಟು ಡಿಗ್ರಿ ಬಾಕಿ ಎಂದು ಒತ್ತಡ ಮತ್ತು ಉಷ್ಣಾಂಶದಿಂದ ಲೆಕ್ಕ ಹಾಕಿ ತೋರಿಸುವ ಮಾಪಕ ಕಣ್ಣೆದುರೇ ಇರಬೇಕು. ಆ ಬೆಳಗ್ಗೆ ಎರಡೂ ಅಂಕಿಗಳು ಅಲ್ಲೇ ಇದ್ದವು, ಕೂಡಿಸಿ ಹೇಳುವ ಮಾಪಕ ಇರಲಿಲ್ಲ.

ಕೈಗಾದಲ್ಲೂ ಹೀಗೆಯೇ ಆಗಬಹುದೇ?

ಅಲ್ಲಿಯ 220 ಮೆಗಾವಾಟ್ ಭಾರಜಲ ಘಟಕಗಳಲ್ಲಿ ಪ್ರೆಶರೈಸರ್ ಇಲ್ಲ, ನೀರು ಸೇರಿಸಿ ತೆಗೆದು ಒತ್ತಡ ಕಾಯುತ್ತಾರೆ. ಈ ಸರಣಿ ಯಥಾವತ್ತಾಗಿ ನಡೆಯದು. ದೀಪದ ತಂತಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಅಲ್ಲಿಗೂ ಅನ್ವಯಿಸುತ್ತದೆ.

ಅಲಾರಂ ಹೆಚ್ಚಿದ್ದಷ್ಟೂ ಸುರಕ್ಷಿತವಲ್ಲವೇ?

ಅಲ್ಲ. ಏನು ಮಾಡಬೇಕೆಂದು ಹೇಳಲಾಗದ ಅಲಾರಮ್ಮನ್ನು ತೆಗೆದುಹಾಕಿ.

ಆಪರೇಟರ್ ಪೂರ್ವಕ್ಕೆ ಮುಖ ಮಾಡಿ ಕೂತರೆ ಏಕಾಗ್ರತೆ ಹೆಚ್ಚುತ್ತದೆ ಎಂದು ವಾಸ್ತು ಸಲಹೆಗಾರರೊಬ್ಬರು ಹೇಳಿದ್ದಾರೆ.

ಅವರಿಗೆ ದುಡ್ಡು ಕೊಡಬೇಡಿ. ಪರದೆಯ ಮೇಲೆ ದೀಪದ ಪ್ರತಿಫಲನ ಬೀಳದಂತೆ ನೋಡಿಕೊಳ್ಳಿ, ರಾತ್ರಿ ಪಾಳಿಯ ಸರದಿ ಸರಿಪಡಿಸಿ.

ಕೆಂಪು ಅಪಾಯ, ಹಸಿರು ಕ್ಷೇಮ ತಾನೇ?

ರಸ್ತೆಯಲ್ಲಿ ಹೌದು. ವಿದ್ಯುತ್ ಸ್ಥಾವರದ ಹಳೆಯ ರೂಢಿಯಲ್ಲಿ ಕೆಂಪೆಂದರೆ ವಾಲ್ವ್ ತೆರೆದಿದೆ, ಪಂಪ್ ಓಡುತ್ತಿದೆ. ಹಸಿರೆಂದರೆ ಮುಚ್ಚಿದೆ, ನಿಂತಿದೆ. ಹಳೆಯ ಪ್ಯಾನೆಲಿನ ಪಕ್ಕ ಹೊಸ ಪರದೆ ಕೂರಿಸುವಾಗ ಈ ಎರಡನ್ನು ಬೆರೆಸಬೇಡಿ. ಒಂದೇ ಕೋಣೆಯಲ್ಲಿ ಒಂದು ಬಣ್ಣಕ್ಕೆ ಎರಡು ಅರ್ಥ ಬಂದರೆ, ಗಡಿಬಿಡಿಯಲ್ಲಿ ಕೈ ತಪ್ಪು ಗುಂಡಿಗೆ ಹೋಗುತ್ತದೆ.