ಮೆಕ್ಯಾನಿಕಲ್ ಓದಿ ಸಿನಿಮಾ ಕಂಪನಿಯ ಸ್ಟ್ರಾಟಜಿ ಕೆಲಸ ಸಿಗುತ್ತಾ?

ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಮುಗಿಸ್ತಿದ್ದೀರಿ, ಮನರಂಜನಾ ಕಂಪನಿಯ ಸ್ಟ್ರಾಟಜಿ ಕೆಲಸಕ್ಕೆ ಫಿಲ್ಮ್ ಕೋರ್ಸ್ ಬೇಕಾ ಅಂತ ಕೇಳಿದ್ದೀರಿ. ಬೇಡ. ಡಿಸ್ನಿ ಕಂಪನಿಯಲ್ಲಿ ಸ್ಟ್ರಾಟಜಿ ಮುಖ್ಯಸ್ಥರಾಗಿದ್ದ ಕೆವಿನ್ ಮೇಯರ್ ಹಿಡಿದ ದಾರಿ ನೋಡ್ರಿ. ಎಂಐಟಿಯಲ್ಲಿ ಓದಿದ್ದು ಮೆಕ್ಯಾನಿಕಲ್ಲೇ, ಆಮೇಲೆ ಹಾರ್ವರ್ಡ್‌ನಲ್ಲಿ ಎಂಬಿಎ. ಡಿಸ್ನಿ 2006ರಲ್ಲಿ ಪಿಕ್ಸಾರ್, 2009ರಲ್ಲಿ ಮಾರ್ವೆಲ್, 2012ರಲ್ಲಿ ಲ್ಯೂಕಸ್‌ಫಿಲ್ಮ್ ಕಂಪನಿಗಳನ್ನ ಕೊಂಡಾಗ ಸ್ಟ್ರಾಟಜಿ ನೋಡಿಕೊಳ್ತಿದ್ದವರು ಅವರೇ. ಈ ಕೆಲಸದಲ್ಲಿ, ಕೊಳ್ಳೋ ಸ್ಟುಡಿಯೊಗೆ ಎಷ್ಟು ಕೊಡಬಹುದು, ಅದರ ಪಾತ್ರಗಳಿಂದ ಆಟಿಕೆ, ಪಾರ್ಕು, ಚಾನೆಲ್‌ನಲ್ಲಿ ಎಷ್ಟು ವಾಪಸ್ ಬರುತ್ತೆ ಅಂತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕೋದೇ ಜಾಸ್ತಿ. ಗ್ಲಾಮರ್ ಅಷ್ಟಕ್ಕಷ್ಟೇ. ಸಿಇಒ ಕುರ್ಚಿಯೂ ಗ್ಯಾರಂಟಿ ಇಲ್ಲ: 2020ರಲ್ಲಿ ಡಿಸ್ನಿಯಲ್ಲಿ ಅದು ಮೇಯರ್‌ಗೆ ಸಿಗದೆ, ಅಲ್ಲಿನ ಪಾರ್ಕ್ ವಿಭಾಗ ನೋಡಿಕೊಳ್ತಿದ್ದ ಬಾಬ್ ಚೇಪೆಕ್‌ಗೆ ಹೋಯ್ತು. ಮೇಯರ್ ಟಿಕ್‌ಟಾಕ್ ಸೇರಿ, ಕೆಲವೇ ತಿಂಗಳಲ್ಲಿ ಬಿಟ್ಟರು.

ನಮ್ಮಲ್ಲಿ ಇಂಥ ಕೆಲಸ ಹೆಚ್ಚಾಗಿ ಮುಂಬೈಯಲ್ಲಿ, ನಿಮಗೆ ರಾತ್ರಿ ಬಸ್ಸಿನ ದೂರ ಅಷ್ಟೇ. ಸದ್ಯ ಪಿವಿಆರ್ ಐನಾಕ್ಸ್‌ನ ವಾರ್ಷಿಕ ವರದಿ ಇಳಿಸಿಕೊಂಡು, ಟಿಕೆಟ್‌ನಿಂದ ಎಷ್ಟು, ತಿಂಡಿಯಿಂದ ಎಷ್ಟು ಬಂತು ಬಿಡಿಸಿ ನೋಡಿ. ಬೇಜಾರಾಗದಿದ್ರೆ ಎಂಬಿಎಗೆ ಅರ್ಜಿ ಹಾಕಿ.