ತೋಳಿನಡಿ ಅಡಗಿದ್ದ ಮೂರು ಗೀರು

(ಆಕೆಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಆಕೆಯನ್ನು ಆಪ್ತಸಮಾಲೋಚಕಿಯಾದ ನನ್ನ ಬಳಿ ಕಳುಹಿಸಿದ್ದು ನಿದ್ದೆ ಬರುವುದಿಲ್ಲ ಎಂಬ ಕಾರಣಕ್ಕೆ. ವಯಸ್ಸು ನಲವತ್ತರ ಹತ್ತಿರ, ಮೂತ್ರಪಿಂಡ ಕಸಿಯಾಗಿ ನಾಲ್ಕು ತಿಂಗಳು. ಅಕ್ಕ ಕೊಟ್ಟ ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿತ್ತು, ರಕ್ತಪರೀಕ್ಷೆಯ ವರದಿಗಳೂ ನೆಮ್ಮದಿ ತರುವಂತಿದ್ದವು. ಆದರೂ ಆಕೆ ಮಾತು ಕಡಿಮೆ ಮಾಡಿದ್ದರು, ಅರ್ಧ ಊಟಕ್ಕೇ ಏಳುತ್ತಿದ್ದರು. ಕಸಿಯ ನಂತರ ಮನಸ್ಸು ಕುಗ್ಗುವುದು ಅಪರೂಪವೇನಲ್ಲ. ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯ್ಡ್‌ಗಳು ತಾವಾಗಿಯೇ ನಿದ್ದೆ ಕೆಡಿಸುತ್ತವೆ. ಮೊದಲ ಎರಡು ಭೇಟಿಗಳಲ್ಲಿ ನಾನು ಆ ದಿಕ್ಕಿನಲ್ಲೇ ಹುಡುಕಿದೆ, ಏನೂ ಸಿಗಲಿಲ್ಲ.

ಮೂರನೆಯ ಸಲ ಬಂದಾಗ ಸೆಕೆ ಇತ್ತು. ನೀರಿನ ಲೋಟಕ್ಕೆ ಕೈ ಚಾಚಿದಾಗ ಉದ್ದ ತೋಳಿನ ಅಂಚು ಹಿಂದೆ ಸರಿಯಿತು. ಮಣಿಕಟ್ಟಿನ ಒಳಬದಿಯಲ್ಲಿ ಒಂದರ ಪಕ್ಕ ಒಂದು, ಬಾಚಣಿಗೆಯಿಂದ ಎಳೆದಂತೆ ಮೂರು ಕೆಂಪು ಗೀರುಗಳು. ಆಕೆ ಥಟ್ಟನೆ ತೋಳು ಕೆಳಗೆಳೆದುಕೊಂಡು, "ಗಿಡದ ಮುಳ್ಳು ತಗುಲಿತು" ಎಂದರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಅವರೇ ಕಣ್ಣೊರೆಸಿಕೊಂಡು, "ಬೆಕ್ಕನ್ನು ಬಿಡಿಸಬೇಡಿ" ಎಂದರು.

ಮನೆಯಲ್ಲಿ ಏಳು ವರ್ಷದ ಹೆಣ್ಣು ಬೆಕ್ಕು ಇದೆ. ಕಸಿಗೆ ಮೊದಲು ಎರಡು ವರ್ಷ ಡಯಾಲಿಸಿಸ್ ನಡೆದ ಕಾಲದಲ್ಲಿ, ಪ್ರತಿ ಸಲ ಸುಸ್ತಾಗಿ ಬಂದು ಮಲಗಿದಾಗ ಅದು ಹೊಟ್ಟೆಗೆ ಒತ್ತಿಕೊಂಡು ಗುರುಗುಟ್ಟುತ್ತ ಮಲಗುತ್ತಿತ್ತಂತೆ. ಈಗ ಮನೆಮಂದಿಯೆಲ್ಲ ಒಂದೇ ಮಾತು ಹಿಡಿದಿದ್ದರು: ಬೆಕ್ಕನ್ನು ದೂರ ಬಿಟ್ಟುಬರಬೇಕು. ವೈದ್ಯರೂ ಅದನ್ನೇ ಹೇಳಿಬಿಟ್ಟಾರೆಂಬ ಭಯಕ್ಕೆ ಆಕೆ ಆಸ್ಪತ್ರೆಯಲ್ಲಿ ಯಾರಿಗೂ ಬೆಕ್ಕಿನ ವಿಷಯ ಹೇಳಿರಲಿಲ್ಲ. ಪರಚಿ ನಾಲ್ಕು ದಿನವಾಗಿದ್ದರೂ ತೋರಿಸಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಾವೇ ಎದ್ದು, ಬರಿಗೈಯಲ್ಲಿ, ಬೆಕ್ಕು ಮಲ ಮಾಡುವ ಮರಳಿನ ತಟ್ಟೆ ಬಳಿಯುತ್ತಿದ್ದರು. ಯಾರ ಕಣ್ಣಿಗೂ ಬೀಳಬಾರದಲ್ಲ! ಕೆಲವೊಮ್ಮೆ ಎರಡು ಮೂರು ದಿನ ಅವಕಾಶವೇ ಸಿಗುತ್ತಿರಲಿಲ್ಲ.

ನಿದ್ದೆಗೆಡುವುದು ಯಾಕೆಂದು ಆಗ ತಿಳಿಯಿತು. ನನ್ನ ಎದೆ ಝಲ್ಲೆಂದದ್ದು ಬೆಕ್ಕಿನ ಮಾತಿಗಲ್ಲ, ಈ ಮುಚ್ಚುಮರೆಗೆ. ಆಕೆ ತೆಗೆದುಕೊಳ್ಳುತ್ತಿದ್ದ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಮೂರೂ ಸೇರಿ ದೇಹದ ಕಾವಲನ್ನು ಬೇಕೆಂದೇ ತಗ್ಗಿಸುತ್ತವೆ. ಇಲ್ಲವಾದರೆ ಹೊಸ ಮೂತ್ರಪಿಂಡವನ್ನು ದೇಹ ಪರಕೀಯವೆಂದು ತಿರಸ್ಕರಿಸುತ್ತದೆ. ಆ ಕಾವಲು ತಗ್ಗಿದಾಗ ಸೋಂಕು ಬರುವುದಷ್ಟೇ ಅಲ್ಲ, ಬಂದ ಸೋಂಕು ಸದ್ದು ಮಾಡದೆಯೂ ಇರಬಹುದು. ಜ್ವರ, ಬಾವು, ಕೆಂಪು ಇವೆಲ್ಲ ದೇಹ ಹೋರಾಡುವ ಗುರುತುಗಳು, ಹೋರಾಟವೇ ಮಂದವಾದರೆ ಗುರುತೂ ಮಂದ. "ಜ್ವರ ಬಂದಿಲ್ಲ, ಹಾಗಾಗಿ ಏನೂ ಆಗಿಲ್ಲ" ಎಂದು ಆಕೆ ನಾಲ್ಕು ದಿನ ತಮಗೆ ತಾವೇ ಧೈರ್ಯ ಹೇಳಿಕೊಂಡಿದ್ದರು.

ನಾನು ವೈದ್ಯೆಯಲ್ಲ, ಗೀರು ನೋಡಿ ತೀರ್ಪು ಕೊಡುವುದು ನನ್ನ ಕೆಲಸವೂ ಅಲ್ಲ. ಮೊದಲು ಕೊಟ್ಟ ಸಲಹೆ ಒಂದೇ: ಈಗಲೇ, ಈ ಭೇಟಿ ಮುಗಿಸಿ, ಕಸಿ ವೈದ್ಯರಿಗೆ ಕೈ ತೋರಿಸಿ, ಬೆಕ್ಕಿನ ವಿಷಯ ಬಾಯಿಬಿಟ್ಟು ಹೇಳಿ. ಒಬ್ಬರೇ ಹೋಗಲು ಹೆದರಿದರು, ಜೊತೆಗೆ ನಾನೂ ಹೋದೆ. ವೈದ್ಯರು ಗದರಲಿಲ್ಲ. ಮೊಣಕೈ, ಕಂಕುಳಲ್ಲಿ ದುಗ್ಧರಸ ಗ್ರಂಥಿ (ಸೋಂಕು ತಗಲಿದಾಗ ಊದುವ ಗಂಟು) ಊದಿದೆಯೇ ಎಂದು ಒತ್ತಿ ನೋಡಿದರು, ಊದಿರಲಿಲ್ಲ. ಆದರೂ ಮೂರು ವಾರ ನಿಗಾ ಇಡಲು ಹೇಳಿದರು. ಬೆಕ್ಕು ಪರಚಿದಾಗ ತಗಲುವ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಗ್ರಂಥಿ ಊದುವುದು ಪರಚಿ ಒಂದರಿಂದ ಮೂರು ವಾರ ಕಳೆದ ಮೇಲೆ ಕಾಣಿಸಿಕೊಳ್ಳಬಹುದು. ಆ ಬ್ಯಾಕ್ಟೀರಿಯಾ ಬೆಕ್ಕಿನಿಂದ ಬೆಕ್ಕಿಗೆ ಹರಡುವುದು ಚಿಗಟಗಳಿಂದ. ಚಿಗಟದ ಹಿಕ್ಕೆ ಉಗುರಿಗೆ ಮೆತ್ತಿಕೊಂಡು, ಪರಚಿದಾಗ ನಮ್ಮ ಚರ್ಮದೊಳಗೆ ಇಳಿಯುತ್ತದೆ. ಹೀಗಾಗಿ ಬೆಕ್ಕಿಗೆ ಚಿಗಟದ ಔಷಧಿ ಹಾಕಿಸುವುದು ಬೆಕ್ಕಿನ ಒಳಿತಿಗೆಷ್ಟೋ ಆಕೆಯ ರಕ್ಷಣೆಗೂ ಅಷ್ಟೇ ಬೇಕು. ಇದನ್ನು ಕೇಳಿ ಆಕೆಯ ಮುಖದಲ್ಲಿ ಮೊದಲ ಬಾರಿ ಭಯದ ಬದಲು ಕುತೂಹಲ ಕಂಡಿತು.

ಬೆಕ್ಕನ್ನು ಬಿಡಬೇಕೆಂದು ವೈದ್ಯರು ಹೇಳಲಿಲ್ಲ. ಮೊದಲಿನಿಂದ ಜೊತೆಗಿರುವ, ಆರೋಗ್ಯವಾಗಿರುವ, ಮನೆಯೊಳಗೇ ಇರುವ ವಯಸ್ಕ ಬೆಕ್ಕು ಅಥವಾ ನಾಯಿಯನ್ನು ಸಾಮಾನ್ಯವಾಗಿ ಬಿಡಬೇಕಾಗಿಲ್ಲ, ಎಚ್ಚರಿಕೆಯಿಂದ ಇಟ್ಟುಕೊಳ್ಳಬಹುದು. ಆ ಎಚ್ಚರಿಕೆ ಯಾರ ಹೊಣೆ ಎಂಬುದು ಮಾತ್ರ ಇತ್ಯರ್ಥವಾಗಬೇಕಿತ್ತು.

ಅದಕ್ಕೇ ನಾಲ್ಕನೆಯ ಭೇಟಿಗೆ ಅಕ್ಕನನ್ನೂ ಕರೆಸಿದೆ. ಬಂದವರು ಕುಳಿತುಕೊಳ್ಳುವ ಮೊದಲೇ, "ನನ್ನ ಮೈಯಿಂದ ತೆಗೆದುಕೊಟ್ಟದ್ದನ್ನು ಒಂದು ಬೆಕ್ಕಿನ ಉಗುರಿಗೆ ಒಪ್ಪಿಸುತ್ತಾಳಲ್ಲ" ಎಂದರು. ಆ ಮಾತಿನಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ತಂಗಿ ತಲೆ ಎತ್ತಲಿಲ್ಲ. ಇಂಥ ಹೊತ್ತಿನಲ್ಲಿ ಯಾರ ಪರವಾಗಿ ಮಾತಾಡಿದರೂ ಇನ್ನೊಬ್ಬರನ್ನು ಕಳೆದುಕೊಳ್ಳುತ್ತೇವೆ. ನಾನು ಅಕ್ಕನಿಗೆ, ನಿಮಗೆ ಯಾವುದರ ಭಯ, ಒಂದೊಂದಾಗಿ ಹೇಳಿ ಎಂದೆ. ಅವರು ಹೇಳಿದ್ದು ಎರಡೇ: ಬೆಕ್ಕಿನ ಕೂದಲು ಹೊಟ್ಟೆಗೆ ಹೋಗುತ್ತದೆ, ಬೆಕ್ಕಿನ ಮಲದಲ್ಲಿ ಏನೋ ಹುಳು ಇದೆಯಂತೆ, ಅದು ಮೆದುಳಿಗೇ ಹೋಗುತ್ತದಂತೆ.

ಎರಡನೆಯದರಲ್ಲಿ ಹುರುಳಿತ್ತು. ಟಾಕ್ಸೊಪ್ಲಾಸ್ಮಾ ಹುಳುವಲ್ಲ, ಕಣ್ಣಿಗೆ ಕಾಣದ ಪರಾವಲಂಬಿ. ನಿರೋಧಕ ಶಕ್ತಿ ಕುಗ್ಗಿದವರಲ್ಲಿ ಮೆದುಳಿಗೆ ಏರಬಲ್ಲದು. ಆದರೆ ಅದರ ನಡೆಯನ್ನು ತಿಳಿದುಕೊಂಡರೆ ತಡೆಯುವುದು ಕಷ್ಟವಲ್ಲ. ಬೆಕ್ಕಿಗೆ ಇದು ತಗಲುವುದು ಇಲಿ, ಹಕ್ಕಿ, ಹಸಿ ಮಾಂಸ ತಿಂದಾಗ. ಮೊದಲ ಸಲ ತಗಲಿದ ಮೇಲೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಾತ್ರ ಮಲದಲ್ಲಿ ಅದರ ಕೋಶಗಳು ಹೊರಬರುತ್ತವೆ. ಹೊರಬಂದ ಕೂಡಲೇ ಅವು ಸೋಂಕು ತರಲಾರವು, ಹದಗೊಳ್ಳಲು ಒಂದರಿಂದ ಐದು ದಿನ ಬೇಕು. ದಿನವೂ ತಪ್ಪದೆ ತಟ್ಟೆ ತೆಗೆದರೆ ಹದಗೊಳ್ಳುವ ಮೊದಲೇ ಹೊರಗೆ ಹೋದಂತೆ. ಎರಡು ಮೂರು ದಿನ ಬಿಟ್ಟು, ಅರೆಗತ್ತಲಲ್ಲಿ, ಬರಿಗೈಯಲ್ಲಿ ಬಳಿಯುವುದು ಇದಕ್ಕೆ ತೀರಾ ವಿರುದ್ಧ. ತಂಗಿ ಬೆಕ್ಕನ್ನು ಉಳಿಸಿಕೊಳ್ಳಲು ಕದ್ದು ಮಾಡುತ್ತಿದ್ದ ಕೆಲಸವೇ ಆ ಮನೆಯ ಅತಿ ದೊಡ್ಡ ಅಪಾಯವಾಗಿತ್ತು. ಅಕ್ಕ ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಕೇಳಿದರು, "ಅಂದರೆ ನಾನು ತೆಗೆದರೆ ಆಗುತ್ತದೆಯೇ?"

ಆ ಪ್ರಶ್ನೆಯಿಂದಲೇ ಅರ್ಧ ಕೆಲಸ ಮುಗಿಯಿತು. ಅಕ್ಕ ಆಗ ತಂಗಿಯ ಮನೆಯಲ್ಲೇ ಇದ್ದರು. ಬೆಳಿಗ್ಗೆ ಅವರು, ಅವರಿಲ್ಲದ ದಿನ ಗಂಡ. ಯಾರೂ ಇಲ್ಲದ ದಿನ ಆಕೆಯೇ ಮಾಡಬೇಕಾಗಿ ಬಂದರೆ ಕೈಗವಸು, ಮುಖಗವಸು, ನಂತರ ಸಾಬೂನಿನಿಂದ ಚೆನ್ನಾಗಿ ಕೈತೊಳೆತ. ತಟ್ಟೆ ಅಡುಗೆಮನೆಯ ಹತ್ತಿರ ಇರಕೂಡದು, ಖಾಲಿ ಮಾಡಿದಾಗ ಕುದಿಯುವ ನೀರು ಸುರಿಯಬೇಕು. ಬೆಕ್ಕಿಗೆ ಹಸಿ ಮಾಂಸ ಬೇಡ, ಬೇಟೆಗೆ ಹೊರಗೆ ಬಿಡುವುದೂ ಬೇಡ. ಇನ್ನೊಂದನ್ನು ಒತ್ತಿ ಹೇಳಿದೆ: ಈ ಪರಾವಲಂಬಿ ಬೆಕ್ಕಿಲ್ಲದ ಮನೆಗೂ ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ತೋಟದ ಮಣ್ಣಿನಿಂದ ಬರುತ್ತದೆ. ಬೆಕ್ಕನ್ನು ಓಡಿಸಿ ನಿಶ್ಚಿಂತರಾಗುವವರು ಇದನ್ನು ಮರೆಯುತ್ತಾರೆ. ಕೂದಲಿನ ಭಯ ಮಾತ್ರ ನಿಜಕ್ಕೂ ಚಿಕ್ಕದು. ಬೆಕ್ಕು ಮೈ ನೆಕ್ಕಿಕೊಳ್ಳುತ್ತಲೇ ಇರುವುದರಿಂದ ಸೋಂಕು ತರುವಷ್ಟು ಹದಗೊಂಡ ಕೋಶಗಳು ತುಪ್ಪಳದಲ್ಲಿ ಉಳಿಯುವುದು ತೀರಾ ವಿರಳ.

ಪರಚುವುದರ ಬಗ್ಗೆ ಆಕೆಗೆ ಹೇಳಿದ್ದು: ಕೈಯನ್ನೇ ಆಟಿಕೆ ಮಾಡಿ ಆಡಿಸಬೇಡಿ, ಉದ್ದ ದಾರಕ್ಕೆ ಕಟ್ಟಿದ ಆಟಿಕೆಯಿಂದ ಆಡಿಸಿ. ಉಗುರು ಕತ್ತರಿಸುವುದು ಬೇರೆಯವರ ಕೆಲಸ. ಪರಚಿದರೆ ತಕ್ಷಣ ಹರಿಯುವ ನೀರಿನಲ್ಲಿ ಸಾಬೂನಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ತಿಳಿಸಿ. ಕಚ್ಚಿದರೆ ಫೋನು ಸಾಲದು, ಹೋಗಲೇಬೇಕು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುತ್ತದೆ, ಮೇಲೆ ಗಾಯ ಚುಕ್ಕೆಯಷ್ಟೇ ಕಾಣುತ್ತದೆ, ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಒಳಗೆ ಒಂದೇ ದಿನದಲ್ಲಿ ಬಾವು ತರಬಲ್ಲದು. ಹೊರಗಿನ, ಗುರುತಿಲ್ಲದ ಪ್ರಾಣಿ ಕಚ್ಚಿದರೆ ಹದಿನೈದು ನಿಮಿಷ ತೊಳೆದು ರೇಬೀಸ್ ಲಸಿಕೆಗೆ ಹೋಗಬೇಕು, ತೆಗೆದುಕೊಳ್ಳುತ್ತಿರುವ ಔಷಧಿಗಳ ಚೀಟಿಯನ್ನು ಅಲ್ಲಿ ತೋರಿಸಲೇಬೇಕು, ಏಕೆಂದರೆ ಇಂಥವರ ದೇಹ ಲಸಿಕೆಗೆ ಪೂರ್ತಿ ಸ್ಪಂದಿಸದಿರಬಹುದು.

ಮಲಗುವ ವಿಷಯ ಎಲ್ಲಕ್ಕಿಂತ ಕಠಿಣವಾಯಿತು. ಮುಖ ನೆಕ್ಕಿಸಿಕೊಳ್ಳುವುದನ್ನೂ ಗಾಯದ ಹತ್ತಿರ ಬಿಡುವುದನ್ನೂ ಆಕೆ ಕೂಡಲೇ ನಿಲ್ಲಿಸಿದರು. ಹಾಸಿಗೆ ಮಾತ್ರ ಬಿಟ್ಟುಕೊಡಲಾರೆ ಎಂದರು. ಔಷಧಿಯ ಪ್ರಮಾಣ ಹೆಚ್ಚಿರುವ ಮೊದಲ ತಿಂಗಳುಗಳು ಅತಿ ಸೂಕ್ಷ್ಮ. ಆ ಅವಧಿ ಮುಗಿಯುವವರೆಗೆ ರಾತ್ರಿ ಬಾಗಿಲು ಹಾಕಿಕೊಳ್ಳಿ, ಹಗಲು ಕುರ್ಚಿಯಲ್ಲಿ ಕುಳಿತು ದಿನವೂ ತೊಳೆದ ಹೊದಿಕೆಯ ಮೇಲೆ ತೊಡೆಗೆ ತೆಗೆದುಕೊಳ್ಳಿ ಎಂದೆ. ಒಪ್ಪಿದರು, ಆದರೆ ಆ ದಿನ ಅತ್ತರು. ನಾನು ತಡೆಯಲಿಲ್ಲ. ಎರಡು ವರ್ಷ ಹೊಟ್ಟೆ ಬೆಚ್ಚಗಿಟ್ಟ ಜೀವವನ್ನು ಬಾಗಿಲಾಚೆ ಕೂರಿಸುವುದು ಸಣ್ಣ ಸಂಗತಿಯಲ್ಲ.

ಪಶುವೈದ್ಯರಿಗೂ ನಿಜ ಹೇಳಲು ಹೇಳಿದೆ. ಬೆಕ್ಕಿಗೆ ಭೇದಿಯಾದರೆ, ಚರ್ಮದ ಮೇಲೆ ಉಂಗುರದಂಥ ಕಲೆ ಕಂಡರೆ ಕಾಯಬಾರದು. ಬೆಕ್ಕಿನ ನಿರೋಧಕ ಶಕ್ತಿಯನ್ನೇ ಕುಗ್ಗಿಸುವ ವೈರಸ್‌ಗಳಿವೆ. ಅವು ಮನುಷ್ಯರಿಗೆ ತಗಲುವುದಿಲ್ಲ, ಆದರೆ ಅಂಥ ಬೆಕ್ಕು ಬೇರೆ ಸೋಂಕುಗಳನ್ನು ಹೊತ್ತಿರುವ ಸಾಧ್ಯತೆ ಹೆಚ್ಚು. ಪರೀಕ್ಷೆಯಲ್ಲಿ ಇವರ ಬೆಕ್ಕಿಗೆ ಅವು ಇಲ್ಲವೆಂದು ತಿಳಿಯಿತು.

ನಡುವೆ ಮಗ, ಅಮ್ಮನನ್ನು ಸಂತೋಷಪಡಿಸಲೆಂದು, ಒಂದು ಮರಿ ಬೆಕ್ಕನ್ನೋ ಪುಟ್ಟ ಆಮೆಯನ್ನೋ ತರುತ್ತೇನೆಂದ. ಎರಡಕ್ಕೂ ಬೇಡವೆಂದೆ. ಕಸಿಯಾದ ಮೊದಲ ವರ್ಷ ಹೊಸ ಪ್ರಾಣಿ ಬರಬಾರದು. ಮುಂದೆ ತಂದರೂ ಮರಿಗಿಂತ ವಯಸ್ಕ ಪ್ರಾಣಿ ವಾಸಿ. ಮರಿಗಳು ಹೆಚ್ಚು ಪರಚುತ್ತವೆ, ಬಾರ್ಟೊನೆಲ್ಲಾ ಅವುಗಳಲ್ಲೇ ಹೆಚ್ಚು. ಆಮೆ, ಹಲ್ಲಿ ಜಾತಿಯವು, ಕೋಳಿಮರಿ, ಬಾತುಮರಿ ನೋಡಲು ಆರೋಗ್ಯವಾಗಿದ್ದರೂ ಸಾಲ್ಮೊನೆಲ್ಲಾ ಹೊತ್ತಿರಬಹುದು, ಅವು ಇಂಥ ಮನೆಗೆ ಬೇಡವೇ ಬೇಡ. ಮೀನು ಸುರಕ್ಷಿತವೆಂದು ಎಲ್ಲರೂ ಭಾವಿಸುತ್ತಾರೆ. ಸಂಧಿವಾತಕ್ಕೆ ನಿರೋಧಕ ಶಕ್ತಿ ತಗ್ಗಿಸುವ ಚುಚ್ಚುಮದ್ದು ಪಡೆಯುತ್ತಿದ್ದ ಇನ್ನೊಬ್ಬರು ಬರಿಗೈಯಲ್ಲಿ ಮೀನಿನ ತೊಟ್ಟಿ ತೊಳೆದು, ಬೆರಳಿನ ಗಂಟೊಂದಕ್ಕೆ ತಿಂಗಳುಗಟ್ಟಲೆ ಔಷಧಿ ತಿನ್ನಬೇಕಾಯಿತು. ತೊಟ್ಟಿಯ ನೀರಿನಲ್ಲಿ ಕ್ಷಯದ ಬ್ಯಾಕ್ಟೀರಿಯಾದ ದಾಯಾದಿಯೊಂದು ಬದುಕಬಲ್ಲದು. ಉದ್ದದ ಕೈಗವಸು ಹಾಕಿದ್ದರೆ ಸಾಕಿತ್ತು.

ನಾನೂ ಒಂದನ್ನು ತಿದ್ದಿಕೊಂಡೆ. ಮೊದಲ ಭೇಟಿಯ ನನ್ನ ಪ್ರಶ್ನೆಗಳಲ್ಲಿ ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂಬುದಿತ್ತು, ಪ್ರಾಣಿಗಳ ಸುದ್ದಿ ಇರಲಿಲ್ಲ. ಈಗ ಹೀಗೆ ಕೇಳುತ್ತೇನೆ: "ಮನೆಯಲ್ಲಿ ಪ್ರಾಣಿ ಇದೆಯೇ? ಇದ್ದರೆ ಬಿಡಿ ಎನ್ನಲು ಕೇಳುತ್ತಿಲ್ಲ." ಎರಡನೆಯ ವಾಕ್ಯ ಸೇರಿಸಿದ ಮೇಲೆ ಜನ ಬಾಯಿ ಬಿಡುತ್ತಿದ್ದಾರೆ.

ಮೂರು ವಾರ ಕಳೆಯಿತು, ಗ್ರಂಥಿ ಊದಲಿಲ್ಲ, ಗೀರು ಮಾಯಿತು. ಎಂಟನೆಯ ತಿಂಗಳಲ್ಲಿ ಆಕೆ ಅಕ್ಕನ ಜೊತೆ ಬಂದರು, ಅರೆತೋಳಿನ ಅಂಗಿ ತೊಟ್ಟಿದ್ದರು. ನಿದ್ದೆ ಆರು ಗಂಟೆಗೆ ಏರಿತ್ತು. ಅಕ್ಕ ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು: ಬೆಕ್ಕನ್ನು ಬಟ್ಟೆಯಲ್ಲಿ ಸುತ್ತಿ ಒಂದೇ ಪಾದ ಹೊರಗೆಳೆದುಕೊಂಡು, ತುಟಿ ಕಚ್ಚಿ ಉಗುರು ಕತ್ತರಿಸುತ್ತಿದ್ದಾರೆ. "ಇದಕ್ಕೆ ನನ್ನನ್ನು ಕಂಡರೆ ಆಗುವುದಿಲ್ಲ, ಆದರೂ ಬೆಳಿಗ್ಗೆ ತಟ್ಟೆಯ ಹತ್ತಿರ ನನಗಾಗಿ ಕಾಯುತ್ತದೆ" ಎಂದರು.